ಕೊಡಗಿನ ರಸ್ತೆಗೆ ಸ್ಪೋರ್ಟ್ಸ್ ಕಾರನ್ನು ಹದ ಮಾಡುವುದು: ಒಳಗಿನ ಸದ್ದು, ಕೂತವರ ಸುಖ

ಸ್ಪೋರ್ಟ್ಸ್ ಕಾರಿನ ಒಳಗೆ ಸದ್ದು ಜಾಸ್ತಿ ಎಂದ ಕೂಡಲೇ ಹೆಚ್ಚಿನವರು ಡೋರ್ ಪ್ಯಾಡ್ ಬಿಚ್ಚಿ, ತಗಡಿನ ಕಂಪನ ತಗ್ಗಿಸುವ ಡ್ಯಾಂಪಿಂಗ್ ಶೀಟ್ ಅಂಟಿಸಲು ಹೊರಡುತ್ತಾರೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆ ದಿನವೂ ಓಡುವ ಕಾರಿಗೆ ಅದು ಕೊನೆಯ ಕೆಲಸ. ಗಾಳಿಯ ಸದ್ದು ಉಳಿದ ಸದ್ದುಗಳನ್ನು ಮೀರುವುದು ಗಂಟೆಗೆ 100 ಕಿ.ಮೀ. ಆಸುಪಾಸಿನಲ್ಲಿ. ಕೊಡಗಿನ ತಿರುವುಗಳಲ್ಲಿ ಕಾರು ಬಹುಪಾಲು 40ರಿಂದ 60ರಲ್ಲೇ ಇರುತ್ತದೆ. ಆ ವೇಗದಲ್ಲಿ ಕಿವಿಗೆ ಬೀಳುವುದು ಟೈರು, ಸಸ್ಪೆನ್ಷನ್, ವೀಲ್ ಆರ್ಚ್‌ಗೆ (ಚಕ್ರದ ಮೇಲಿನ ಕಮಾನು) ಬಡಿಯುವ ಜಲ್ಲಿ ಮತ್ತು ನೀರು, ಸಡಿಲಗೊಂಡ ಪ್ಲಾಸ್ಟಿಕ್ಕು. ಹಾಗಾಗಿ ಕೆಲಸ ನೆಲದಿಂದ ಮೇಲಕ್ಕೆ ಸಾಗಬೇಕು. ಇನ್ನೊಂದು ಮಾತು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ನೀವು ಒಳಗೆ ಅಂಟಿಸಿದ್ದನ್ನೆಲ್ಲ ಪರೀಕ್ಷೆಗೆ ಒಡ್ಡುತ್ತದೆ. ನೀರು ಹೀರುವ ವಸ್ತು ಇಲ್ಲಿ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ.

ಸದ್ದಿಗೆ ಮೊದಲು ಹೆಸರಿಡಿ

ಸ್ಪ್ಯಾನರ್ ಹಿಡಿಯುವ ಮುಂಚೆ ಅರ್ಧ ಗಂಟೆ ಕಾರು ಓಡಿಸಿ, ಯಾವ ಸದ್ದು ಯಾವಾಗ ಬರುತ್ತದೆ ಎಂದು ಬರೆದುಕೊಳ್ಳಿ. ಹಾಡು, ಎಸಿ ಎರಡೂ ಬಂದ್. ಡಿಕ್ಕಿಯಲ್ಲಿರುವ ಜ್ಯಾಕ್, ಕೊಡೆ, ನೀರಿನ ಬಾಟಲಿ ಎಲ್ಲ ಹೊರಗೆ. ಬಗೆಹರಿಯದ ಕಟಕಟ ಎಷ್ಟೋ ಸಲ ಅಲ್ಲೇ ಮುಗಿದುಬಿಡುತ್ತದೆ.

ವೇಗ ಏರಿದಂತೆ ಏರುವ, ಆಕ್ಸಿಲರೇಟರ್ ಬಿಟ್ಟರೂ ಬದಲಾಗದ "ಗುಂಯ್" ಟೈರಿನದು ಅಥವಾ ವೀಲ್ ಬೇರಿಂಗ್‌ನದು. ಇವೆರಡನ್ನು ಬೇರೆ ಮಾಡಲು ಸಂಪಾಜೆ ಘಾಟಿಗಿಂತ ಒಳ್ಳೆಯ ಜಾಗ ಬೇಡ. ಬಲ ತಿರುವಿನಲ್ಲಿ ಭಾರ ಎಡಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಗುಂಯ್ ಜೋರಾಗಿ, ಎಡ ತಿರುವಿನಲ್ಲಿ ತಗ್ಗಿದರೆ ಎಡಗಡೆಯ ಬೇರಿಂಗ್ ನೋಡಿ. ತಿರುವಿಗೆ ಬಗ್ಗದೆ, ಹಳೆಯ ಒರಟು ಡಾಂಬರಿನಿಂದ ಹೊಸ ಡಾಂಬರಿಗೆ ಬಂದಾಗ ಮಾತ್ರ ತಗ್ಗುವ ಸದ್ದು ಟೈರಿನದೇ.

ಎಂಜಿನ್ ಒಂದು ನಿರ್ದಿಷ್ಟ ಸುತ್ತಿಗೆ (ಆರ್‌ಪಿಎಂ) ಬಂದಾಗ ಎದೆಗೆ ಒತ್ತುವ ಹಾಗೆ ಬರುವ ಮೊರೆತ ಎಕ್ಸಾಸ್ಟ್‌ನದು (ಹೊಗೆ ಕೊಳವೆ). ಸಣ್ಣ ಉಬ್ಬುತಗ್ಗಿನಲ್ಲಿ "ಕಟಕಟ" ಎಂದರೆ ಸಸ್ಪೆನ್ಷನ್‌ನ ಲಿಂಕ್ ರಾಡ್ ಅಥವಾ ಕ್ಯಾಬಿನ್ ಒಳಗಿನ ಪ್ಲಾಸ್ಟಿಕ್. ಗುಂಡಿಗೆ ಇಳಿದಾಗ ಒಂದೇ ಒಂದು "ಢಬ್", ಜೊತೆಗೆ ಬೆನ್ನಿಗೆ ಗುದ್ದು ಬಿದ್ದರೆ ಸಸ್ಪೆನ್ಷನ್ ತನ್ನ ಓಟದ ಕೊನೆಯ ರಬ್ಬರ್ ತಡೆಗೆ, ಅಂದರೆ ಬಂಪ್ ಸ್ಟಾಪರ್‌ಗೆ, ತಾಗಿದೆ. ನಿಧಾನಕ್ಕೆ ಹಂಪ್ ಏರುವಾಗ "ಕಿರ್ರ್" ಎನ್ನುವುದು ಒಣಗಿದ ಬುಷ್ (ಸಸ್ಪೆನ್ಷನ್ ಕೀಲುಗಳ ರಬ್ಬರ್) ಅಥವಾ ಬಾಗಿಲಿನ ಬೀಡಿಂಗ್ (ಅಂಚಿನ ರಬ್ಬರ್). "ಸುಯ್" ಎಂಬುದು ಗಾಳಿ; ಅದರ ಚಿಂತೆ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಆಗಾಗ ಓಡಾಡುವವರಿಗೆ ಮಾತ್ರ.

ಮೊಬೈಲ್‌ನ ಡೆಸಿಬೆಲ್ ಆ್ಯಪ್ ತೋರಿಸುವ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ, ಆದರೆ ಹೋಲಿಕೆಗೆ ಸಾಕು. ಅದೇ ಫೋನು, ಅದೇ ಜಾಗ, ಅದೇ ರಸ್ತೆ, 50 ಕಿ.ಮೀ. ವೇಗ, ಮೂರು ಸಲ ಓಡಿಸಿ ಸರಾಸರಿ ತೆಗೆಯಿರಿ. ಒದ್ದೆ ರಸ್ತೆಯಲ್ಲಿ ಅಳೆಯಬೇಡಿ. 3 ಡೆಸಿಬೆಲ್ ಇಳಿದರೆ ಶಬ್ದದ ಶಕ್ತಿ ಅರ್ಧವಾದ ಲೆಕ್ಕ, ಆದರೂ ಕಿವಿಗೆ ಗೊತ್ತಾಗುವುದು ಅಷ್ಟಕ್ಕಷ್ಟೇ. ಸದ್ದು ಅರ್ಧವಾಯಿತು ಎಂದು ಅನಿಸಲು ಸುಮಾರು 10 ಡೆಸಿಬೆಲ್ ಇಳಿಯಬೇಕು. "ಈ ಶೀಟ್ ಹಾಕಿದರೆ ಕಾರು ಮೌನವಾಗುತ್ತದೆ" ಎನ್ನುವ ಅಂಗಡಿಯವರ ಮಾತನ್ನು ಈ ಲೆಕ್ಕದ ಮುಂದೆ ಇಟ್ಟು ನೋಡಿ.

ಟೈರು

ಅರ್ಧ ಯುದ್ಧ ಇಲ್ಲೇ ಗೆಲ್ಲಬಹುದು, ಅದೂ ಹೆಚ್ಚು ಖರ್ಚಿಲ್ಲದೆ.

ಗಾಳಿಯಿಂದ ಶುರು ಮಾಡಿ. ಪಂಕ್ಚರ್ ಅಂಗಡಿಯಲ್ಲಿ ನಾಲ್ಕೂ ಚಕ್ರಕ್ಕೆ 36 ಪಿಎಸ್‌ಐ ಹೊಡೆದು ಕಳಿಸುವುದು ರೂಢಿ. ಸ್ಪೋರ್ಟ್ಸ್ ಕಾರಿನಲ್ಲಿ ಮುಂದಿನ, ಹಿಂದಿನ ಒತ್ತಡ ಬೇರೆಬೇರೆ ಇರುವುದೇ ಹೆಚ್ಚು. ಡ್ರೈವರ್ ಬಾಗಿಲಿನ ಕಂಬದಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಇರುವ ಸ್ಟಿಕ್ಕರ್ ನೋಡಿ. ಕೆಲವು ಕಾರುಗಳಿಗೆ ಇಬ್ಬರೇ ಕೂತಾಗಿನ ಕಡಿಮೆ ಒತ್ತಡವನ್ನೂ ಕೊಟ್ಟಿರುತ್ತಾರೆ. ದಿನದ ಓಡಾಟಕ್ಕೆ ಅದೇ ಸರಿ. ಅಳೆಯುವುದು ಬೆಳಿಗ್ಗೆ, ಕಾರು ಹೊರಡುವ ಮುಂಚೆ. ಘಾಟಿ ಹತ್ತಿ ಬಂದ ಬಿಸಿ ಟೈರು 3–4 ಪಿಎಸ್‌ಐ ಹೆಚ್ಚು ತೋರಿಸುತ್ತದೆ, ಅದನ್ನು ನೋಡಿ ಗಾಳಿ ಬಿಡಬೇಡಿ.

ಮಂಗಳೂರಿನಲ್ಲಿ ಗಾಳಿ ತುಂಬಿಸಿ ಮೇಲೆ ಬಂದರೆ ಏನಾಗುತ್ತದೆ ಎಂಬ ಪ್ರಶ್ನೆ ಆಗಾಗ ಬರುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಹೊರಗಿನ ವಾಯುಭಾರ ಕಡಿಮೆಯಾಗುವುದರಿಂದ ಗೇಜ್ ಸುಮಾರು 2 ಪಿಎಸ್‌ಐ ಹೆಚ್ಚು ತೋರಿಸಬೇಕು. ಆದರೆ ಪ್ರತಿ 10 ಡಿಗ್ರಿ ತಂಪಿಗೆ ಒತ್ತಡ ಸುಮಾರು 1.5 ಪಿಎಸ್‌ಐ ಇಳಿಯುತ್ತದೆ. ಕರಾವಳಿಯ ಸೆಕೆಗೂ ಮಡಿಕೇರಿಯ ಬೆಳಗಿನ ಚಳಿಗೂ ಇರುವ ಅಂತರದಲ್ಲಿ ಎರಡೂ ಹೆಚ್ಚುಕಡಿಮೆ ಸರಿಹೋಗುತ್ತವೆ. ಹೊಂದಿಸಬೇಕಾದ್ದು ಋತು ಬದಲಾದಾಗ.

ಮೆತ್ತಗಿರಲಿ ಎಂದು ಸ್ಟಿಕ್ಕರ್‌ಗಿಂತ ಕೆಳಗೆ ಇಳಿಸುವವರೂ ಇದ್ದಾರೆ. ಬೇಡ. 245/35 ಆರ್ 19 (ಅಗಲ 245 ಮಿ.ಮೀ., ಪಕ್ಕೆ ಅದರ ಶೇ. 35, ರಿಮ್ 19 ಇಂಚು) ಟೈರಿನ ಪಕ್ಕೆಯ ಎತ್ತರ ಬರೀ 86 ಮಿ.ಮೀ. ಒತ್ತಡ ಕಡಿಮೆಯಾದರೆ ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಟೈರು ಚಿವುಟಿ, ಒಳಗಿನ ದಾರ ಹರಿದು, ಪಕ್ಕೆಯಲ್ಲಿ ಗಂಟು ಏಳುತ್ತದೆ. ಮಳೆಗಾಲದಲ್ಲಿ ಗುಂಡಿಯ ತುಂಬ ನೀರು ನಿಂತು ಆಳವೇ ಕಾಣುವುದಿಲ್ಲ. ಅಲಾಯ್ ರಿಮ್ ಬಿರುಕು ಬಿಡುವುದು ಆಗಲೇ.

ಬೇಕಾದದ್ದು ಪಕ್ಕೆಯ ಎತ್ತರ. 19 ಇಂಚಿನ ಬದಲು 18 ಇಂಚಿನ ರಿಮ್‌ಗೆ 245/40 ಆರ್ 18 ಹಾಕಿದರೆ ಪಕ್ಕೆ 98 ಮಿ.ಮೀ. ಆಗುತ್ತದೆ. ಒಟ್ಟು ವ್ಯಾಸ 654 ಮಿ.ಮೀ.ನಿಂದ 653ಕ್ಕೆ ಬರುತ್ತದೆ, ಸ್ಪೀಡೋಮೀಟರ್‌ಗೆ ವ್ಯತ್ಯಾಸವೇ ತಿಳಿಯದು. ಆ 12 ಮಿ.ಮೀ. ರಬ್ಬರ್ ಮೂರ್ನಾಡು ಕಡೆಯ ರಸ್ತೆಯಲ್ಲಿ ಮಾಡುವ ವ್ಯತ್ಯಾಸವನ್ನು ದುಬಾರಿ ಶಾಕ್ ಅಬ್ಸಾರ್ಬರ್ ಕೂಡ ಮಾಡಲಾರದು. ಕೊಳ್ಳುವ ಮುಂಚೆ ಮೂರು ವಿಷಯ ನೋಡಿ: 18 ಇಂಚಿನ ರಿಮ್ ಬ್ರೇಕ್ ಕ್ಯಾಲಿಪರ್‌ಗೆ ತಾಗಬಾರದು, ರಿಮ್ಮಿನ ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ) ಮೂಲದಷ್ಟೇ ಇರಬೇಕು, ಟೈರಿನ ಲೋಡ್ ಇಂಡೆಕ್ಸ್ (ಹೊರುವ ಭಾರ), ಸ್ಪೀಡ್ ರೇಟಿಂಗ್ (ತಾಳುವ ವೇಗ) ಮೂಲಕ್ಕಿಂತ ಕಡಿಮೆ ಆಗಬಾರದು. ಅದೇ ಮಾದರಿಯ ಕೆಳಗಿನ ಶ್ರೇಣಿಗೆ ಕಂಪನಿಯೇ ಕೊಡುವ 18 ಇಂಚಿನ ರಿಮ್, ನಿಮ್ಮ ಕ್ಯಾಲಿಪರ್‌ಗೆ ಕೂರುವುದಾದರೆ, ಎಲ್ಲಕ್ಕಿಂತ ಸುರಕ್ಷಿತ.

ವಾರಾಂತ್ಯದಲ್ಲಷ್ಟೇ ಓಡುವ ಕಾರಿನ ಟೈರು ಸವೆಯದೇ ಮುದಿಯಾಗುತ್ತದೆ. ಪಕ್ಕೆಯ ಮೇಲೆ ನಾಲ್ಕು ಅಂಕಿ ಇದೆ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಎಂದರೆ 2019ರ 23ನೇ ವಾರ. ಐದಾರು ವರ್ಷ ಕಳೆದ ರಬ್ಬರ್ ಗಟ್ಟಿಯಾಗಿ ಸದ್ದು ಹೆಚ್ಚುತ್ತದೆ, ಒದ್ದೆಯಲ್ಲಿ ಹಿಡಿತವೂ ಹೋಗುತ್ತದೆ. ಟ್ರೆಡ್ ಮೇಲೆ ಅಂಗೈಯನ್ನು ಹಿಂದೆ ಮುಂದೆ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದಕ್ಕೆ ಗರಗಸದ ಹಲ್ಲಿನಂತಿದ್ದರೆ ಚಕ್ರಗಳ ಕೋನ, ಅಂದರೆ ಅಲೈನ್‌ಮೆಂಟ್, ತಪ್ಪಿದೆ. ಆ ಹಲ್ಲುಗಳೇ ಗುಂಯ್‌ಗುಡುತ್ತಿರುತ್ತವೆ. ಅಲೈನ್‌ಮೆಂಟ್ ಸರಿ ಮಾಡಿಸಿದರೂ ಸವೆದ ಟೈರು ಕೂಡಲೇ ಸುಮ್ಮನಾಗುವುದಿಲ್ಲ. ಮುಂದೆ ಹಿಂದೆ ಬೇರೆ ಅಳತೆಯ ಟೈರಿದ್ದರೆ ಜಾಗ ಬದಲಿಸುವ ದಾರಿಯೂ ಇಲ್ಲ.

ರನ್‌ಫ್ಲಾಟ್ ಟೈರಿನ ಪಕ್ಕೆ ಗಾಳಿ ಇಲ್ಲದೆಯೂ ಕಾರನ್ನು ಹೊರುವಷ್ಟು ಗಟ್ಟಿ. ಸವಾರಿ ಒರಟಾಗುವುದೂ ಅದಕ್ಕೇ. ಮಾಮೂಲು ಟೈರಿಗೆ ಬದಲಾದರೆ ಸುಖ ಮೊದಲ ಕಿಲೋಮೀಟರಿನಲ್ಲೇ ಗೊತ್ತಾಗುತ್ತದೆ. ಆದರೆ ಇಂಥ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ. ಕಂಪ್ರೆಸರ್, ಪ್ಲಗ್ ಕಿಟ್ ಇಟ್ಟುಕೊಂಡರೂ ಪಕ್ಕೆ ಹರಿದರೆ ಅವು ಉಪಯೋಗಕ್ಕೆ ಬಾರವು. ರಾತ್ರಿ ಹೊತ್ತು ಮಾಕುಟ್ಟ ಘಾಟಿಯಲ್ಲಿ ಕಣ್ಣೂರಿಗೆ ಓಡಾಡುವವರು ರನ್‌ಫ್ಲಾಟ್ ಬಿಡದಿರುವುದು ಒಳ್ಳೆಯದು. ಮಡಿಕೇರಿ–ಕುಶಾಲನಗರ–ಮೈಸೂರು ಮಾತ್ರ ಎನ್ನುವವರು ಧೈರ್ಯವಾಗಿ ಬದಲಿಸಬಹುದು.

ಒಳಗೆ ಫೋಮ್ ಅಂಟಿಸಿದ ಟೈರುಗಳೂ ಬರುತ್ತವೆ: ಕಾಂಟಿನೆಂಟಲ್‌ನ ಕಾಂಟಿಸೈಲೆಂಟ್, ಮಿಶೆಲಿನ್‌ನ ಅಕೂಸ್ಟಿಕ್ ಇತ್ಯಾದಿ. ಟೈರಿನ ಒಳಗಿನ ಗಾಳಿಯ ಉಂಗುರ 200 ಹರ್ಟ್ಸ್ ಆಸುಪಾಸಿನಲ್ಲಿ ಡೋಲಿನಂತೆ ಮೊಳಗುತ್ತದೆ. ಫೋಮ್ ತಡೆಯುವುದು ಆ ಒಂದು ಸ್ವರವನ್ನು ಮಾತ್ರ. ಪಂಕ್ಚರ್ ಹಾಕುವಾಗ ಫೋಮನ್ನು ಆ ಜಾಗದಲ್ಲಿ ಕತ್ತರಿಸಬೇಕು. ಎಲ್ಲ ಅಂಗಡಿಯವರೂ ಒಪ್ಪುವುದಿಲ್ಲ. ಹಾಗೆಯೇ, ಯೂರೋಪಿನ ಟೈರ್ ಲೇಬಲ್‌ನಲ್ಲಿರುವ ಡೆಸಿಬೆಲ್ ಅಂಕಿ ರಸ್ತೆಬದಿಯಲ್ಲಿ ನಿಂತವರಿಗೆ ಕೇಳುವ ಸದ್ದು. ಒಳಗೆ ಕೂತವರಿಗೆ ಅದು ಅಷ್ಟೇ ತಗ್ಗುತ್ತದೆ ಎಂದೇನೂ ಇಲ್ಲ.

80ರ ವೇಗದಲ್ಲಿ ಸ್ಟೇರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್‌ಗೆ ಓಡುವ ಮುಂಚೆ ರಿಮ್ಮಿನ ಒಳಮೈ ನೋಡಿ. ತೋಟದ ರಸ್ತೆಯ ಕೆಂಪು ಮಣ್ಣು ಅಲ್ಲಿ ಮುದ್ದೆಯಾಗಿ ಒಣಗಿರುತ್ತದೆ. ತೊಳೆಯದೆ ಬ್ಯಾಲೆನ್ಸ್ ಮಾಡಿಸಿದರೆ ಮಣ್ಣು ಉದುರಿದ ದಿನ ಮತ್ತೆ ನಡುಕ.

ಸಸ್ಪೆನ್ಷನ್

ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಮೋಡ್ ಬದಲಿಸುವ ಬಟನ್ ಇದ್ದರೆ ಕಂಫರ್ಟ್‌ನಲ್ಲಿಡಿ. ಎಂಜಿನ್ ಸ್ಪೋರ್ಟ್, ಡ್ಯಾಂಪರ್ ಕಂಫರ್ಟ್ ಎಂದು ಬೇರೆಬೇರೆ ಇಡಲು ಬಂದರೆ ಕೊಡಗಿಗೆ ಅದಕ್ಕಿಂತ ಒಳ್ಳೆಯ ಹೊಂದಾಣಿಕೆ ಇಲ್ಲ. ತಿರುವಿನ ಮಧ್ಯದಲ್ಲಿ ಗುಂಡಿ ಬಂದಾಗ ಗಟ್ಟಿ ಡ್ಯಾಂಪರ್ ಚಕ್ರವನ್ನು ನೆಲದಿಂದ ಎತ್ತುತ್ತದೆ, ಮೆತ್ತಗಿನದು ಒತ್ತಿ ಹಿಡಿಯುತ್ತದೆ. ಒರಟು ರಸ್ತೆಯಲ್ಲಿ ಮೆತ್ತಗಿರುವ ಕಾರೇ ವೇಗದ ಕಾರು.

ಢಬ್ ಸದ್ದಿದ್ದರೆ ಹೀಗೆ ಮಾಡಿ. ಶಾಕ್‌ನ ರಾಡ್ ಮೇಲಿರುವ ರಬ್ಬರ್ ಹೊದಿಕೆ ಸರಿಸಿ, ರಾಡ್‌ಗೆ ಕೇಬಲ್ ಟೈ ಸುತ್ತಿ ಕೆಳಕ್ಕೆ ತಳ್ಳಿ. ಮಾಮೂಲು ದಾರಿಯಲ್ಲಿ 10 ಕಿ.ಮೀ. ಓಡಿಸಿ ಬಂದು ನೋಡಿದರೆ ಟೈ ಮೇಲಕ್ಕೆ ಎಷ್ಟು ಸರಿದಿದೆಯೋ ಅಷ್ಟು ಸಸ್ಪೆನ್ಷನ್ ಒಳಕ್ಕೆ ಹೋಗಿದೆ. ಬಂಪ್ ಸ್ಟಾಪರ್‌ಗೇ ತಾಗಿದ್ದರೆ ಮೂರು ಕಾರಣ ಇರಬಹುದು: ಶಾಕ್ ಸೋರಿದೆ, ಸ್ಪ್ರಿಂಗ್ ಕುಗ್ಗಿದೆ, ಇಲ್ಲವೇ ಹಿಂದಿನ ಮಾಲೀಕರು ಲೋವರಿಂಗ್ ಸ್ಪ್ರಿಂಗ್ ಹಾಕಿಸಿದ್ದಾರೆ. ಕಾರು 30 ಮಿ.ಮೀ. ತಗ್ಗಿದರೆ ಆ 30 ಮಿ.ಮೀ. ಬಂಪ್ ಸ್ಟಾಪರ್ ಮುಟ್ಟುವ ಮುಂಚಿನ ಓಟದಿಂದಲೇ ಕಳೆಯುತ್ತದೆ. ಮೂಲ ಸ್ಪ್ರಿಂಗ್ ಹುಡುಕಿ ವಾಪಸ್ ಹಾಕಿಸಿ, ಬೇರೆ ಉಪಾಯವಿಲ್ಲ.

ಅಡ್ಜಸ್ಟೆಬಲ್ ಶಾಕ್ ಇದ್ದರೆ ಪೂರ್ತಿ ಮೆತ್ತಗಿನ ತುದಿಯಿಂದ ಶುರು ಮಾಡಿ, ಎರಡೆರಡು ಕ್ಲಿಕ್ ಏರಿಸಿ. ಹಂಪ್ ದಾಟಿದ ಮೇಲೆ ಕಾರು ಒಂದು ಸಲ ತೂಗಿ ನಿಂತರೆ ಸಾಕು. ಎರಡನೇ ಸಲ ತೂಗಿದರೆ ಮಾತ್ರ ಇನ್ನೆರಡು ಕ್ಲಿಕ್.

ಕಟಕಟಕ್ಕೆ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ, ಎರಡನೆಯದು ಶಾಕ್‌ನ ಮೇಲ್ತುದಿ ಹಿಡಿದಿರುವ ಸ್ಟ್ರಟ್ ಮೌಂಟ್ ಮೇಲೆ. ನಿಂತ ಕಾರಿನ ಸ್ಟೇರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಟಣ್ ಎಂದು ಹಾರಿದರೆ ಮೌಂಟ್ ಬೇರಿಂಗ್ ಹೋಗಿದೆ. ಬುಷ್ ಬದಲಿಸುವುದಾದರೆ ರಬ್ಬರಿನದೇ ಹಾಕಿಸಿ. ಪಾಲಿಯುರೆಥೇನ್ ಬುಷ್ ಸ್ಟೇರಿಂಗನ್ನು ಚುರುಕು ಮಾಡುತ್ತದೆ ನಿಜ, ಆದರೆ ರಸ್ತೆಯ ಪ್ರತಿ ಕಲ್ಲನ್ನೂ ಸೀಟಿಗೆ ತಲುಪಿಸುತ್ತದೆ. ಕೆಸರು ಹೊಕ್ಕ ಮೇಲೆ ಕಿರುಗುಟ್ಟುವುದೂ ಉಂಟು.

ಬುಷ್ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು ಒಂದಿದೆ. ಕಾರನ್ನು ಲಿಫ್ಟ್ ಮೇಲೆ ಏರಿಸಿ, ಚಕ್ರ ನೇತಾಡುತ್ತಿರುವಾಗಲೇ ಅದನ್ನು ಹಿಡಿದಿರುವ ಲೋವರ್ ಆರ್ಮ್ ಬೋಲ್ಟ್ ಬಿಗಿಯುತ್ತಾರೆ. ಕಾರು ಕೆಳಗಿಳಿದಾಗ ಬುಷ್‌ನ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ. ಸವಾರಿ ಗಡುಸಾಗಿ, ರಬ್ಬರ್ ಬೇಗ ಹರಿಯುತ್ತದೆ. ಬೋಲ್ಟ್ ಸಡಿಲವಾಗಿ ಹಾಕಿ, ಹಬ್ ಅಡಿಗೆ ಜ್ಯಾಕ್ ಕೊಟ್ಟು ಕಾರು ನಿಲ್ಲುವ ಎತ್ತರಕ್ಕೆ ತಂದು, ಆಮೇಲೆ ಟಾರ್ಕ್ ವ್ರೆಂಚ್‌ನಲ್ಲಿ ಬಿಗಿಯಬೇಕು. ಮೆಕ್ಯಾನಿಕ್ ಹತ್ತಿರ ನಿಂತು ಇದೊಂದನ್ನು ಕೇಳಿ ಮಾಡಿಸಿ. ಕೊನೆಗೆ ಅಲೈನ್‌ಮೆಂಟ್.

ವೀಲ್ ಆರ್ಚ್ ಮತ್ತು ಡಿಕ್ಕಿ

ಕೂಪೆ, ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ಡಿಕ್ಕಿಗೂ ಕ್ಯಾಬಿನ್‌ಗೂ ನಡುವೆ ಗಟ್ಟಿ ಗೋಡೆ ಇಲ್ಲ. ಹಿಂದಿನ ವೀಲ್ ಆರ್ಚ್‌ಗೆ ಬಡಿದ ಜಲ್ಲಿ ನೇರ ಕಿವಿಯ ಹಿಂದೆ ಕೇಳುತ್ತದೆ. ಶೀಟ್ ಹಾಕುವುದಾದರೆ ಇಲ್ಲಿಂದ ಶುರು. ಕಾಲ ಮುಖ್ಯ: ಕಾಫಿ ಕೊಯ್ಲು ಮುಗಿದು ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬೀಳುವ ಮುಂಚಿನ ಒಣ ದಿನಗಳು ಸರಿ. ತೇವದ ಲೋಹಕ್ಕೆ ಅಂಟಿಸಿದ ಶೀಟ್ ಆಗಸ್ಟ್‌ನಲ್ಲಿ ಕಳಚುತ್ತದೆ.

ಬೇಕಾದದ್ದು: 2 ಮಿ.ಮೀ. ದಪ್ಪದ, ಮೇಲೆ ಅಲ್ಯೂಮಿನಿಯಂ ಹಾಳೆ ಇರುವ ಬ್ಯೂಟೈಲ್ (ಅಂಟು ರಬ್ಬರ್) ಶೀಟ್ 2 ಚದರ ಮೀಟರ್. ನೀರು ಹೀರದ ಮುಚ್ಚುಕೋಶದ ಫೋಮ್ 6ರಿಂದ 10 ಮಿ.ಮೀ. ದಪ್ಪದ್ದು, ಅದೂ 2 ಚದರ ಮೀಟರ್, ರೋಲರ್, ಹೀಟ್ ಗನ್, ಐಸೋಪ್ರೊಪೈಲ್ ಆಲ್ಕೋಹಾಲ್, ಹೊಸ ಲೈನರ್ ಕ್ಲಿಪ್ ಎರಡು ಡಜನ್. ಶೀಟ್ ಚದರ ಮೀಟರಿಗೆ ಸುಮಾರು 3.5 ಕೆ.ಜಿ. ತೂಗುತ್ತದೆ. ಹಾಗಾಗಿ ಒಟ್ಟು 8 ಕೆ.ಜಿ. ದಾಟುವುದಿಲ್ಲ, ಓಟಕ್ಕೆ ತೊಂದರೆಯಿಲ್ಲ. ಅಗ್ಗದ ಡಾಂಬರ್ ಶೀಟ್ ಕೊಳ್ಳಬೇಡಿ. ಬಯಲುಸೀಮೆಯ ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದು ಕರಗಿ ನಾರುತ್ತದೆ.

1. ಸಮತಟ್ಟಾದ ಸಿಮೆಂಟ್ ನೆಲದಲ್ಲಿ ಕಾರು ಎತ್ತಿ ಸ್ಟ್ಯಾಂಡ್ ಕೊಡಿ. ಜ್ಯಾಕ್ ಒಂದನ್ನೇ ನಂಬಿ ಅಡಿಗೆ ಕೈ ಹಾಕಬೇಡಿ. ತೋಟದ ಇಳಿಜಾರು ಅಂಗಳ ಈ ಕೆಲಸಕ್ಕೆ ಆಗದು.

2. ಚಕ್ರ, ಆರ್ಚ್ ಒಳಗಿನ ಪ್ಲಾಸ್ಟಿಕ್ ಲೈನರ್ ಬಿಚ್ಚಿ. ಒಳಗೆ ಸೇರಿದ ಮಣ್ಣು, ಎಲೆ ತೊಳೆದು ಒಂದು ದಿನ ಪೂರ್ತಿ ಒಣಗಲು ಬಿಡಿ. ತುಕ್ಕು ಕಂಡರೆ ಮೊದಲು ಅದಕ್ಕೆ ಮದ್ದು. ತುಕ್ಕಿನ ಮೇಲೆ ಶೀಟ್ ಅಂಟಿಸಿದರೆ ತಗಡು ಒಳಗೊಳಗೇ ತಿಂದುಹೋಗುತ್ತದೆ.

3. ಡಿಕ್ಕಿಯ ಒಳಗಿನಿಂದ ಆರ್ಚ್‌ನ ತಗಡನ್ನು ಬೆರಳಗಂಟಿನಿಂದ ಬಡಿಯಿರಿ, ಹಲಸಿನ ಹಣ್ಣು ಬಡಿದು ನೋಡುವ ಹಾಗೆ. ಡಣ್ ಎನ್ನುವಲ್ಲಿ ಮಾತ್ರ ಶೀಟ್ ಬೇಕು. ತಗಡಿನ ಅರ್ಧದಷ್ಟು ಜಾಗ ಮುಚ್ಚಿದರೆ ಧಾರಾಳವಾಯಿತು. ಪೂರ್ತಿ ಮುಚ್ಚುವುದು ಬರೀ ತೂಕ.

4. ಆಲ್ಕೋಹಾಲ್‌ನಿಂದ ಒರೆಸಿ, ತಗಡನ್ನು ಹೀಟ್ ಗನ್‌ನಿಂದ ಕೈಗೆ ಬೆಚ್ಚಗೆನ್ನುವಷ್ಟು ಕಾಯಿಸಿ ಅಂಟಿಸಿ. ಮಡಿಕೇರಿಯ ಚಳಿಯಲ್ಲಿ ತಣ್ಣನೆಯ ಬ್ಯೂಟೈಲ್ ಹಿಡಿಯುವುದಿಲ್ಲ. ಶೀಟಿನ ಮೇಲಿನ ಉಬ್ಬು ವಿನ್ಯಾಸ ಚಪ್ಪಟೆಯಾಗುವವರೆಗೆ ರೋಲರ್ ಎಳೆಯಿರಿ. ಗಾಳಿಗುಳ್ಳೆ ಉಳಿದರೆ ಅಲ್ಲೇ ತೇವ ಕೂರುತ್ತದೆ.

5. ಒಳಗಡೆ ಶೀಟ್ ಮೇಲೆ ಫೋಮ್ ಹಾಸಿ. ಹೊರಗೆ, ಲೈನರ್‌ನ ಬೆನ್ನಿಗೆ ತೆಳುವಾಗಿ ಫೋಮ್ ಅಂಟಿಸಿ, ಹೊಸ ಕ್ಲಿಪ್‌ನಿಂದ ಕೂರಿಸಿ. ಚಕ್ರ ಹಾಕಿ, ಕೈಯಿಂದ ಪೂರ್ತಿ ಸುತ್ತು ತಿರುಗಿಸಿ ಎಲ್ಲೂ ಉಜ್ಜದಿರುವುದನ್ನು ನೋಡಿ. ಚಕ್ರದ ಬೋಲ್ಟ್ ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಬಿಗಿದು, 50 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ.

ನೀರು ಇಳಿದುಹೋಗುವ ತೂತು, ವೈರಿಂಗ್ ಕ್ಲಿಪ್, ಏರ್‌ಬ್ಯಾಗ್ ಸೆನ್ಸರ್ ಯಾವುದನ್ನೂ ಮುಚ್ಚಬೇಡಿ. ಸೀಟ್ ಬಿಚ್ಚಬೇಕಾದರೆ ಬ್ಯಾಟರಿ ಕಳಚಿ ಹತ್ತು ನಿಮಿಷ ಬಿಟ್ಟು ಕನೆಕ್ಟರ್ ಮುಟ್ಟಿ. ಎಂಜಿನ್ ಹಿಂದಿರುವ ಕಾರುಗಳಲ್ಲಿ ಬಿಸಿ ಗೋಡೆಯ ಹತ್ತಿರ ಫೋಮ್ ಬೇಡವೇ ಬೇಡ. ತೋಟದ ಶೆಡ್‌ನಲ್ಲಿ ಕಾರು ನಿಲ್ಲಿಸುವವರು ಇಲಿಯನ್ನೂ ಲೆಕ್ಕಕ್ಕಿಡಿ. ಮೆತ್ತಗಿನ ಫೋಮ್ ಅದಕ್ಕೆ ಗೂಡಿಗೆ ಪ್ರೀತಿಯ ಸಾಮಾನು.

ಬಾಗಿಲು

ಎರಡು ಬೆರಳಗಲದ ಕಾಗದದ ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಬೀಡಿಂಗ್ ಸರಿ, ಜಾರಿ ಬಂದರೆ ಅಲ್ಲಿ ಸಂದು. ಸುತ್ತಲೂ ಹತ್ತಿಪ್ಪತ್ತು ಕಡೆ ಹೀಗೆ ನೋಡಿ. ಬೀಡಿಂಗ್‌ಗೆ ಆರು ತಿಂಗಳಿಗೊಮ್ಮೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದರೆ ಕಿರುಗುಟ್ಟುವುದು ನಿಲ್ಲುತ್ತದೆ. ಎಂಜಿನ್ ಆಯಿಲ್, ವ್ಯಾಸಲೀನ್ ರಬ್ಬರನ್ನು ಊದಿಸುತ್ತವೆ. ಚೌಕಟ್ಟಿಲ್ಲದ ಗಾಜಿನ ಬಾಗಿಲು ತೆರೆಯುವಾಗ ಗಾಜು ಸ್ವಲ್ಪ ಇಳಿದು, ಮುಚ್ಚಿದಾಗ ಏರಿ ರಬ್ಬರ್ ಒಳಗೆ ಕೂರಬೇಕು. ಬ್ಯಾಟರಿ ಬದಲಿಸಿದ ಮೇಲೆ ಕಾರು ಈ ಏರಿಳಿತವನ್ನು ಮರೆತಿರುತ್ತದೆ. ಮ್ಯಾನುಯಲ್ ನೋಡಿ ರೀಸೆಟ್ ಮಾಡಿ.

ಎಕ್ಸಾಸ್ಟ್ ಮೊರೆತಕ್ಕೆ ಶೀಟೂ ಫೋಮೂ ಮದ್ದಲ್ಲ. ನಾಲ್ಕು ಸಿಲಿಂಡರ್ ಎಂಜಿನ್ 2,000 ಸುತ್ತಿನಲ್ಲಿ ಹೊರಡಿಸುವ ಮುಖ್ಯ ಸ್ವರ 67 ಹರ್ಟ್ಸ್, ಅದರ ತರಂಗದ ಉದ್ದ 5 ಮೀಟರ್. 10 ಮಿ.ಮೀ. ಫೋಮ್ ಅದರ ಮುಂದೆ ಸೊಳ್ಳೆಪರದೆ. ಎಕ್ಸಾಸ್ಟ್ ತೂಗುಹಾಕಿದ ರಬ್ಬರ್ ಹರಿದಿದೆಯೇ ನೋಡಿ, ವಾಲ್ವ್ ಇದ್ದರೆ ಮುಚ್ಚಿಡಿ, ಹೊರಗೆ ಕೊಂಡ ಎಕ್ಸಾಸ್ಟ್ ಹಾಕಿದ್ದರೆ ಕಂಪನಿಯದನ್ನೇ ವಾಪಸ್ ಹಾಕಿ. ಅಷ್ಟರವರೆಗೆ ಒಂದು ಗೇರ್ ಕೆಳಗಿಳಿಸಿದರೆ ಆ ಸುತ್ತು ತಪ್ಪುತ್ತದೆ.

ಹಂಪ್ ದಾಟುವುದು

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಅಳತೆಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಮುಂದಿನ, ಹಿಂದಿನ ಚಕ್ರಗಳ ನಡುವೆ 2.45 ಮೀಟರ್ ಅಂತರವಿರುವ ಕಾರಿನ ಹೊಟ್ಟೆಗೆ ಅದರ ಮೇಲೆ ಬೇಕಾಗುವ ಜಾಗ 45 ಮಿ.ಮೀ.ಗಿಂತ ಕಡಿಮೆ, ಹೊಟ್ಟೆ ನೆಲದಿಂದ 115 ಮಿ.ಮೀ. ಎತ್ತರದಲ್ಲಿರುವ ಕಾರು ಸಲೀಸಾಗಿ ದಾಟುತ್ತದೆ. ತಾಗುವುದು ಊರೊಳಗೆ ಜನರೇ ಹಾಕಿದ, ಅಗಲ ಕಡಿಮೆಯ ಕಡಿದಾದ ಹಂಪ್‌ಗಳಿಗೆ. ನಾಲ್ಕೂ ಚಕ್ರ ಕೆಳಗಿದ್ದು ಹಂಪ್‌ನ ಪೂರ್ತಿ ಎತ್ತರ ಹೊಟ್ಟೆಯಡಿ ಬರುತ್ತದೆ. ಅಲ್ಲಿ ಹಿಂದೆ ಮುಂದೆ ವಾಹನ ಇಲ್ಲದಾಗ ಓರೆಯಾಗಿ ಏರಿ, ಯಾವಾಗಲೂ ಒಂದು ಚಕ್ರ ಹಂಪ್ ಮೇಲೇ ಇರುವಂತೆ ನೋಡಿಕೊಳ್ಳಿ. ಬ್ರೇಕ್ ಒತ್ತಿಕೊಂಡೇ ಏರಿದರೆ ಮೂತಿ ತಗ್ಗಿ ಬಂಪರ್ ಉಜ್ಜುತ್ತದೆ. ಹಂಪ್‌ಗೆ ಒಂದು ಮಾರು ಮುಂಚೆಯೇ ಬ್ರೇಕ್ ಬಿಡಿ.

ಮೊದಲ ಜೋರು ಮಳೆ ಬಿದ್ದ ಮಾರನೆಯ ದಿನ ಕಾರ್ಪೆಟ್ ಅಡಿಗೆ, ಡಿಕ್ಕಿಯ ತಳಕ್ಕೆ ಕೈ ಹಾಕಿ ಒತ್ತಿ ನೋಡಿ. ಒದ್ದೆ ಇದ್ದರೆ ಶೀಟನ್ನು ದೂರುವ ಮುಂಚೆ ಬಾನೆಟ್ ತೆರೆದು, ಮುಂದಿನ ಗಾಜಿನ ಬುಡದಲ್ಲಿರುವ ನೀರಿನ ದಾರಿ ನೋಡಿ. ಸಿಲ್ವರ್ ಓಕ್ ಮರದಡಿ ನಿಲ್ಲುವ ಕಾರಿನಲ್ಲಿ ಅದು ಎಲೆಯಿಂದ ಕಟ್ಟಿರುತ್ತದೆ. ಎಲೆ ತೆಗೆದು ಒಂದು ಚೊಂಬು ನೀರು ಸುರಿಯಿರಿ. ಅದು ಚಕ್ರದ ಹಿಂದೆ ನೆಲಕ್ಕೆ ಬೀಳಬೇಕು.